ಪೋಲೊಗೆ ರೋಲ್ ಬಾರಾ, ಫುಲ್ ಕೇಜಾ? ದಿನಾ ಓಡೋ ಕಾರು, ವರ್ಷಕ್ಕೆ ನಾಲ್ಕು ಟ್ರ್ಯಾಕ್ ಡೇ

ನಿಗಡಿ ಪೋಲೊ
ಎಲ್ಲರಿಗೂ ನಮಸ್ಕಾರ. ಕಾರು 2018ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ. ವಾರವೆಲ್ಲ ಪುಣೆಯಲ್ಲಿ ನಿಗಡಿ–ಹಿಂಜವಡಿ ಆಫೀಸು, ವರ್ಷಕ್ಕೆ ಮೂರು ನಾಲ್ಕು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಇಲ್ಲಾ ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕು. ಟ್ರಕ್ಕಿಗೆ ಹಾಕಿ ಕಳಿಸೋದಿಲ್ಲ, ಓಡಿಸ್ಕೊಂಡೇ ಹೋಗೋದು. ಬ್ರೇಕ್ ಪ್ಯಾಡು, ಆಯಿಲ್, ಟೈರು, ಸ್ಪ್ರಿಂಗ್ ಮುಗಿದಿದೆ. ಮುಂದಿನದು ಬಕೆಟ್ ಸೀಟು (ಮೈಯನ್ನ ಬಿಗಿಯಾಗಿ ಹಿಡಿಯೋ ರೇಸ್ ಸೀಟು), ನಾಲ್ಕು ಪಾಯಿಂಟಿನ ಹಾರ್ನೆಸ್ಸು (ರೇಸ್ ಬೆಲ್ಟು, ಆರ್ಡರ್ ಮಾಡಿದ್ದೀನಿ). ಆಮೇಲೆ ಕಾರು ಮಗುಚಿದರೆ ತಲೆ ಕಾಯೋಕೆ ಏನಾದರೂ ಬೇಕು.

ಮೂರು ದಾರಿ ಕಾಣ್ತಿದೆ. ಎರಡು ಬಿ-ಪಿಲ್ಲರ್ (ಮುಂದಿನ, ಹಿಂದಿನ ಬಾಗಿಲ ನಡುವಿನ ಕಂಬ) ನಡುವೆ ಬರೀ ಹಾರ್ನೆಸ್ ಬಾರ್. ಸೀಟಿನ ಹಿಂದೆ ಬೋಲ್ಟ್ ಹಾಕೋ ನಾಲ್ಕು ಕಾಲಿನ ರೋಲ್ ಬಾರ್. ಇಲ್ಲಾ ಮುಂದೆ ಡ್ಯಾಶ್‌ಬೋರ್ಡ್ ತನಕ ಬರೋ ಆರು ಕಾಲಿನ ಫುಲ್ ಕೇಜ್. ಒಂದು ವರ್ಕ್‌ಶಾಪಿನವರು "ಫುಲ್ ಕೇಜೇ ಹಾಕ್ಸಿ, ಒಂದೂವರೆ ಇಂಚು ಪೈಪು, ನಾಲ್ಕು ದಿನದ ಕೆಲಸ" ಅಂದರು. ಯಾವ ಪೈಪು ಅಂತ ಕೇಳಿದ್ದಕ್ಕೆ "ಕಬ್ಬಿಣದ್ದು" ಅನ್ನೋ ಉತ್ತರ ಬಂತು. ಭಾನುವಾರ ಇದೇ ಕಾರಲ್ಲಿ ಹೆಂಡತಿ, ಐದು ವರ್ಷದ ಮಗಳೂ ಬರ್ತಾರೆ. ಏನು ಮಾಡೋದು?

ಮೂರನೇ ಗೇರು
ಫುಲ್ ಕೇಜ್ ಹಾಕ್ಸಿ ಗುರು, ಅರ್ಧಂಬರ್ಧ ಯಾಕೆ. ಕಾರೂ ಬಿಗಿಯಾಗುತ್ತೆ, ಸಸ್ಪೆನ್ಷನ್ ಹೇಳಿದ ಮಾತು ಕೇಳುತ್ತೆ.

ಭೋಸರಿ ಫಿಟ್ಟರ್
ಬ್ಯಾಡ್ರಿ. ರಸ್ತೆ ಮ್ಯಾಲೆ ಓಡೋ ಕಾರಿಗೆ ಫುಲ್ ಕೇಜ್ ಹಾಕಿಸಬ್ಯಾಡ್ರಿ. ಯಾಕಂದ್ರ ರಸ್ತೆ ಮ್ಯಾಲೆ ನೀವು ಹೆಲ್ಮೆಟ್ ಹಾಕೋದಿಲ್ಲ.

ಫುಲ್ ಕೇಜಿನ ಮುಂದಿನ ಕೊಳವಿ ವಿಂಡ್‌ಶೀಲ್ಡ್ ಅಂಚಿನಗುಂಟ ಇಳೀತದ, ಇನ್ನೊಂದು ನಿಮ್ಮ ಬಲಗಿವಿ ಮ್ಯಾಲಿಂದ ಹಿಂದಕ್ಕ ಹೋಗ್ತದ. ತಲಿಗೂ ಅದಕ್ಕೂ ಒಂದು ಗೇಣು ಅಂತರ, ಎತ್ತರದವರಾದ್ರ ಅದೂ ಇಲ್ಲ. ಕಂಪನಿ ಬೆಲ್ಟ್ ಕಟ್ಟಿದ್ರೂ ಬಾಜೂಕಿಂದ ಗುದ್ದಿದಾಗ ತಲಿ ಆ ಗೇಣು ದಾಟೇ ದಾಟ್ತದ. ಕಂಪನಿ ಕಾರಿನಾಗ ಅಲ್ಲಿ ಪ್ಲಾಸ್ಟಿಕ್ ಟ್ರಿಮ್ಮು, ಅದರ ಹಿಂದ ಮಡಚೋ ತಗಡು ಇರ್ತದ. ಕೇಜಿನಾಗ ಎರಡೂವರೆ ಮಿಲಿಮೀಟರ್ ದಪ್ಪದ ಉಕ್ಕು. ಟ್ರ್ಯಾಕಿನಾಗ ಜೀವಾ ಉಳಿಸೋ ಕೊಳವಿನ, ಹಿಂಜವಡಿ ಹತ್ತಿರದ ಮಾಣ ಸಿಗ್ನಲ್ಲಿನಾಗ ಹಿಂದಿಂದ ಟೆಂಪೊ ಗುದ್ದಿದ್ರ ತಲಿ ಒಡೀತದ.

ಅದಕ್ಕ ಲೆಕ್ಕ ಸರಳ. ರಸ್ತೆ ಕಾರಿನಾಗ ಬಿ-ಪಿಲ್ಲರ್ ಮುಂದ ಒಂದೂ ಕೊಳವಿ ಇರಬಾರದು. ಸೀಟಿನ ಹಿಂದ ಕಮಾನಿನಂಥ ಮೇನ್ ಹೂಪು, ಅದಕ್ಕ ಆಸರಿ ಕೊಡೋ ಎರಡು ಹಿಂದಿನ ಊರುಗೋಲು, ಮೂಲಿಯಿಂದ ಮೂಲಿಗೆ ಓರೆಯಾಗಿ ಹೋಗೋ ಒಂದು ಅಡ್ಡಮೂಲಿ ಕೊಳವಿ. ಮುಗೀತು.

ಮೂರನೇ ಗೇರು
ಅದಕ್ಕೇ ಪ್ಯಾಡಿಂಗ್ ಇರೋದು ಅಲ್ವಾ? ಎಸಿ ಪೈಪಿಗೆ ಸುತ್ತೋ ಕರಿ ಫೋಮ್ ಎಲ್ಲರೂ ಹಾಕ್ತಾರೆ.

ಕುಡ್ಲದಿಂದ ಕುರ್ಲಾ
ಅದು ಎಸಿ ಪೈಪು ತಣ್ಣಗಿರ್ಲಿ ಅಂತ ಮಾಡಿದ್ದು ಮಾರಾಯ್ರೆ, ತಲೆಗಲ್ಲ. ಬೆರಳಲ್ಲಿ ಒತ್ತಿ ನೋಡಿ, ತಳ ಮುಟ್ಟುತ್ತದೆ. ತಲೆ ಬಡಿದರೆ ಎಂತ ಉಳಿಯುತ್ತದೆ? ಕೇಜಿಗೆ ಬೇಕಾದ್ದು ಎಫ್‌ಐಎ (ಮೋಟಾರ್ ರೇಸಿನ ಜಾಗತಿಕ ಒಕ್ಕೂಟ) 8857-2001 ಇಲ್ಲವೇ ಎಸ್‌ಎಫ್‌ಐ (ಅಮೆರಿಕದ ರೇಸ್ ಸುರಕ್ಷತಾ ಸಂಸ್ಥೆ) 45.1 ಅಂತ ಅಚ್ಚಾದ ಗಟ್ಟಿ ಪ್ಯಾಡು. ಮುಟ್ಟಿದರೆ ಬಹುತೇಕ ಮರದ ಹಾಗೆ ಇರುತ್ತದೆ. ಯಾಕೆಂದರೆ ಅದು ಹೆಲ್ಮೆಟ್ ಹಾಕಿದ ತಲೆಗೆ ಲೆಕ್ಕ ಹಾಕಿದ್ದು. ಹೆಲ್ಮೆಟ್ ಇಲ್ಲದ ತಲೆಗೆ ಅದೂ ಕಲ್ಲೇ. ಹಾಗಾಗಿ ಪ್ಯಾಡ್ ಸುತ್ತಿ ಫುಲ್ ಕೇಜನ್ನು ರಸ್ತೆಗೆ ಒಗ್ಗಿಸ್ಲಿಕ್ಕೆ ಆಗುದಿಲ್ಲ.

ಇನ್ನೊಂದು ಮುಖ್ಯ ವಿಷಯ ಯಾರೂ ಹೇಳ್ಲಿಲ್ಲ. ಮೂಲ ಪ್ರಶ್ನೆಯಲ್ಲೇ ಒಂದು ಅಪಾಯ ಉಂಟು: ಹಾರ್ನೆಸ್ಸು ಮೊದಲು, ಬಾರು ಆಮೇಲೆ ಅನ್ನುವ ಕ್ರಮ. ಕಂಪನಿಯ ಮೂರು ಪಾಯಿಂಟಿನ ಬೆಲ್ಟಲ್ಲಿ ಮಾಡು (ಕಾರಿನ ಚಾವಣಿ) ಕುಸಿದರೆ ಮೈ ಪಕ್ಕಕ್ಕೆ ವಾಲಲಿಕ್ಕೆ ಜಾಗ ಇದೆ. ಸೀಟಿನ ಬೆನ್ನೂ ಸ್ವಲ್ಪ ಹಿಂದೆ ಬಾಗುತ್ತದೆ. ಬಕೆಟ್ ಸೀಟು, ಹಾರ್ನೆಸ್ಸು ಎರಡೂ ಸೇರಿದರೆ ನೀವು ಕಂಬದ ಹಾಗೆ ನೆಟ್ಟಗೆ. ಮಾಡು ಕೆಳಗೆ ಬಂದರೆ ಅದರ ಭಾರ ಹೊರುವುದು ಕುತ್ತಿಗೆ. ಆದ್ದರಿಂದ ಹಾರ್ನೆಸ್ಸು ಬಂದ ದಿನವೇ ರೋಲ್ ಬಾರೂ ಬರಬೇಕು. ಇಲ್ಲದಿದ್ದರೆ ಎರಡೂ ಬೇಡ.

ಬರೀ ಹಾರ್ನೆಸ್ ಬಾರು ಅಂದರೆ ಪಟ್ಟಿ ಕಟ್ಟುವ ಗೂಟ ಅಷ್ಟೆ. ಮಗುಚಿದರೆ ಅದರಿಂದ ಏನೂ ಪ್ರಯೋಜನ ಇಲ್ಲ.

ಭೋಸರಿ ಫಿಟ್ಟರ್
ಕುಡ್ಲದವರು ಹೇಳಿದ್ದು ನೂರಕ್ಕ ನೂರು ಖರೆ. ಇದನ್ನ ಮೊದಲ ಬರೀಬೇಕಿತ್ತು ನಾನು.

ಡೊಂಬಿವಲಿ ರಾಯರು
ಸ್ವಲ್ಪ ತಣ್ಣೀರು ಎರಚುತ್ತೇನೆ, ಕ್ಷಮಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಬಿಗಿಯಾಗಿಯೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಆರ್‌ಸಿಯಲ್ಲಿ ಆಸನ 5 ಅಂತ ಇದೆ. ಬಾರ್ ಹಾಕೋಕೆ ಹಿಂದಿನ ಸೀಟು ತೆಗೆದರೆ ಆ ಕ್ಷಣಕ್ಕೆ ಆರ್‌ಸಿ ಒಂದು, ಕಾರು ಇನ್ನೊಂದು. ಮಗುಚೋ ವಿಷಯಕ್ಕಿಂತ ಮೊದಲು ಇದು ಯೋಚಿಸಿ.

ಇನ್ಶೂರೆನ್ಸ್ ಪಾಲಿಸಿಯ ಬಳಕೆ ಮಿತಿಯ ಸಾಲು ಓದಿ: ಸಂಘಟಿತ ರೇಸಿಂಗ್, ಪೇಸ್ ಮೇಕಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ ಇವಕ್ಕೆ ರಕ್ಷಣೆ ಇಲ್ಲ. ಟ್ರ್ಯಾಕಿನ ನಷ್ಟ ನಿಮ್ಮ ಜೇಬಿಂದಲೇ. ಆದರೆ ರಸ್ತೆ ಅಪಘಾತದ ಕ್ಲೇಮಿನಲ್ಲೂ, ಹೇಳದೆ ಮಾಡಿಸಿದ ಬದಲಾವಣೆ ಕಂಡರೆ ಸರ್ವೇಯರ್ ಅದನ್ನೇ ಎತ್ತಿ ಹಿಡಿಯುತ್ತಾರೆ.

ಮೂರನೇ ಗೇರು
ರಾಯರೇ, ಹಾಗಾದ್ರೆ ಎಲ್ಲರೂ ಮನೇಲಿ ಕೂತು ವಿಡಿಯೊ ಗೇಮ್ ಆಡೋಣ ಬಿಡಿ.

ಡೊಂಬಿವಲಿ ರಾಯರು
ಆಡಿ, ಅದಕ್ಕೆ ಆರ್‌ಸಿ ಬೇಕಾಗಿಲ್ಲ.

ಬಾಹಾ ಹುಡುಗ
ಅಣ್ಣಾ, ನಮ್ಮ ಕಾಲೇಜಿನ ಬಾಹಾ ಬಗ್ಗಿಗೆ (ಸ್ಪರ್ಧೆಗೆ ವಿದ್ಯಾರ್ಥಿಗಳೇ ಕಟ್ಟೋ ಪುಟ್ಟ ಗಾಡಿ) 25.4 ಮಿ.ಮೀ. ಹೊರವ್ಯಾಸ, 3 ಮಿ.ಮೀ. ದಪ್ಪದ ಕೊಳವೆ, ಇಂಗಾಲ ಕನಿಷ್ಠ 0.18% ಅಂತ ನಿಯಮ. ಅದೇ ಹಾಕಿದ್ರೆ ಸಾಲಲ್ವಾ? ದಪ್ಪ ಜಾಸ್ತಿ ಇದೆಯಲ್ಲ.

ಭೋಸರಿ ಫಿಟ್ಟರ್
ತಮ್ಮಾ, ನಿಮ್ಮ ಬಗ್ಗಿ ಒಬ್ಬನ್ನ ಹೊತ್ತು 10 ಎಚ್‌ಪಿ ಎಂಜಿನ್ನಿಂದ ಓಡೋದು. ಪೋಲೊ ಟನ್ನು ದಾಟ್ತದ. ಮತ್ತ ದಪ್ಪಕ್ಕಿಂತ ವ್ಯಾಸ ದೊಡ್ಡದು. ಲೆಕ್ಕ ಹಾಕಿ ನೋಡು.

25.4×3ರ ಸೆಕ್ಷನ್ ಮಾಡ್ಯುಲಸ್ ಸುಮಾರು 1,060 ಘನ ಮಿ.ಮೀ. ಎಫ್‌ಐಎ ಮೇನ್ ಹೂಪಿಗೆ ಹೇಳೋ 45×2.5ರದ್ದು ಸುಮಾರು 3,360. ಅಂದ್ರ ಬಾಗೋದನ್ನ ತಡೆಯೋ ತಾಕತ್ತು ಮೂರು ಪಟ್ಟು ಮ್ಯಾಲ. ಬಿಗಿತ ಐದೂವರೆ ಪಟ್ಟು. ತೂಕ? ಮೀಟರಿಗೆ 1.66 ಕೆಜಿ ಇದ್ದದ್ದು 2.62 ಆಗ್ತದ, ಅಷ್ಟ. ಅಗಲ ಇದ್ದಷ್ಟೂ ಸೊಟ್ಟಾಗೋದು ತಡ.

ಎಫ್‌ಐಎ ಅಪೆಂಡಿಕ್ಸ್ ಜೆ, 253ನೇ ಕಲಮಿನಾಗ ಇರೋ ಅಳತಿ ಇವು. ಮೇನ್ ಹೂಪು 45×2.5 ಇಲ್ಲಾ 50×2.0. ಉಳಿದ ಕೊಳವಿ 38×2.5 ಇಲ್ಲಾ 40×2.0. ಸಾಮಾನು ಕೋಲ್ಡ್ ಡ್ರಾನ್ ಸೀಮ್‌ಲೆಸ್ (ತಣ್ಣಗ ಎಳೆದ, ಉದ್ದಕ್ಕ ಬೆಸುಗಿ ಇಲ್ಲದ) ಕಾರ್ಬನ್ ಸ್ಟೀಲು, ಎಳೆತ ಶಕ್ತಿ ಕನಿಷ್ಠ 350 ನ್ಯೂಟನ್ ಪ್ರತಿ ಚದರ ಮಿ.ಮೀ. ಬಾಗಿಸೋ ತ್ರಿಜ್ಯ ಕೊಳವಿ ವ್ಯಾಸದ ಮೂರು ಪಟ್ಟಿಗಿಂತ ಕಡಿಮಿ ಇರಬಾರದು, ಅಂದ್ರ 45ಕ್ಕ 135 ಮಿ.ಮೀ. ಬಾಗಿದ ಕಡೆ ಕೊಳವಿ ಚಪ್ಪಟಿ ಆದ್ರ ಸಣ್ಣ ವ್ಯಾಸ ಭಾಗಿಸು ದೊಡ್ಡ ವ್ಯಾಸ 0.9 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ವರ್ನಿಯರ್ ಹಿಡಿದು ನೀವ ನೋಡ್ರಿ, ಅವರ ಬಾಯಿಮಾತು ನಂಬಬ್ಯಾಡ್ರಿ. ಗೇಟು ಗ್ರಿಲ್ ಮಾಡೋರ ಹೈಡ್ರಾಲಿಕ್ ಬೆಂಡರಿನಾಗ ಒಳಮೈ ಸುಕ್ಕಾಗ್ತದ. ಅಂಥಾ ಹೂಪು ಮೊದಲ ಏಟಿಗೆ ಅದೇ ಸುಕ್ಕಿನ ಮ್ಯಾಲ ಮಡಚ್ತದ. ಬಾಗಿಸುವಾಗ ಕೊಳವಿ ಒಳಗ ಸಳಿ ಇಟ್ಟು ಆಸರಿ ಕೊಡೋ ಮ್ಯಾಂಡ್ರೆಲ್ ಬೆಂಡರ್ ಇದ್ದವರ ಹತ್ತಿರನ ಹೋಗ್ರಿ.

"ಕಬ್ಬಿಣದ್ದು" ಅಂದವ್ರ ಕಡೆ ಅಂತೂ ತಿರುಗಿ ಹೋಗಬ್ಯಾಡ್ರಿ!

ಕುಡ್ಲದಿಂದ ಕುರ್ಲಾ
ಒಂದೂವರೆ ಇಂಚು ಪೈಪು ಅಂತ ಹೇಳಿದರೆ ಅದು ಹೆಚ್ಚಾಗಿ 40 ಎನ್‌ಬಿ ನೀರಿನ ಪೈಪೇ. ಹೊರವ್ಯಾಸ 48.3 ಬರುತ್ತದೆ, ನೋಡ್ಲಿಕ್ಕೆ ದಪ್ಪವೂ ಇದೆ, ಹಾಗಾಗಿ ಮೋಸ ಹೋಗುದು ಸುಲಭ. ಅದು ಐಎಸ್ 1239ರ ಸಾಮಾನು, ಎಳೆತ ಶಕ್ತಿ ಕನಿಷ್ಠ 320 ಇದ್ದರೆ ಅಲ್ಲಿ ಪಾಸು. ಒಳಗೆ ಉದ್ದಕ್ಕೂ ವೆಲ್ಡಿನ ಏಣು. ಬಾಗಿಸುವಾಗ ಆ ಏಣು ಹೊರಮೈಗೆ ಬಂದರೆ ಸೀಳುವ ಅಪಾಯ. ಜಿಐ (ಸತು ಲೇಪಿಸಿದ ಪೈಪು) ಆದರೆ ಇನ್ನೊಂದು ಕರ್ಮ: ಸತುವಿನ ಹೊಗೆ ವೆಲ್ಡರಿಗೆ ಜ್ವರ ತರಿಸುತ್ತದೆ, ವೆಲ್ಡಲ್ಲಿ ತೂತು ಬೀಳುತ್ತದೆ.

ಸೀಮ್‌ಲೆಸ್ ನಮ್ಮ ಮಹಾರಾಷ್ಟ್ರದಲ್ಲೇ ಬಾರಾಮತಿ, ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಕಡೆ ತಯಾರಾಗ್ತದೆ, ಬರಗಾಲ ಏನಿಲ್ಲ. ನವಿ ಮುಂಬೈಯ ಕಳಂಬೋಲಿ ಉಕ್ಕಿನ ಮಾರ್ಕೆಟಲ್ಲಿ ಕೇಳುವಾಗ "ಸಿಡಿಎಸ್" (ಕೋಲ್ಡ್ ಡ್ರಾನ್ ಸೀಮ್‌ಲೆಸ್) ಅನ್ನಿ, ಟೆಸ್ಟ್ ಸರ್ಟಿಫಿಕೇಟಿನ ಜೆರಾಕ್ಸ್ ಕೇಳಿ, ಅದರಲ್ಲಿರುವ ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿನ ನಂಬರ್) ಕೊಳವೆ ಮೇಲಿರುವ ನಂಬರಿಗೆ ಹೊಂದಬೇಕು. ಸಿಇಡಬ್ಲ್ಯು ಕೊಟ್ಟರೆ ಅದು ವೆಲ್ಡ್ ಮಾಡಿ ಆಮೇಲೆ ಎಳೆದದ್ದು. ಕೆಟ್ಟದ್ದಲ್ಲ, ಆದರೆ ಎಫ್‌ಐಎ ಬರೆದದ್ದು ಸೀಮ್‌ಲೆಸ್.

ಮೂರನೇ ಗೇರು
ಕ್ರೋಮೋಲಿ 4130 (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಗಟ್ಟಿ ಉಕ್ಕು) ಹಾಕಿದ್ರೆ ತೂಕ ಉಳಿಯುತ್ತೆ ಅಂತಾರಲ್ಲ?

ಭೋಸರಿ ಫಿಟ್ಟರ್
ನಾಲ್ಕು ಕಾಲಿನ ಬಾರಿನಾಗ ಉಳಿಯೋದು ಎರಡು ಮೂರು ಕೆಜಿ. ಅದಕ್ಕ ಟಿಗ್ ವೆಲ್ಡಿಂಗ್ ಬೇಕು, ಸರಿ ಫಿಲ್ಲರ್ ತಂತಿ ಬೇಕು, ಅವಸರದಾಗ ಆರಿಸಿದ್ರ ವೆಲ್ಡಿನ ಅಂಚು ಗಾಜಿನಂಗ ಆಗ್ತದ. ಮಧ್ಯಾಹ್ನ ಊಟ ಬಿಟ್ರ ಉಳೀತದ ಆ ತೂಕ.

ವಾಸ್ಕೋ ಪಯಣಿಗ
ನಡುವೆ ಬಂದೆ, ಸಾರಿ. ನನ್ನದು ಸಾಫ್ಟ್ ಟಾಪ್ ಥಾರ್. ಅದರಲ್ಲಿ ಕಂಪನಿಯದೇ ರೋಲ್ ಕೇಜ್ ಇದೆಯಲ್ಲ, ಟ್ರ್ಯಾಕಿಗೆ ಅದೇ ಸಾಕಾ?

ಕುಡ್ಲದಿಂದ ಕುರ್ಲಾ
ಥಾರಲ್ಲಿ ಟ್ರ್ಯಾಕಿಗೆ ಎಂತಕ್ಕೆ ಹೋಗುದು ಮಾರಾಯ್ರೆ? ಮಗುಚುವ ಲೆಕ್ಕ ಕೇಳಿ: ಎಡ ಬಲ ಚಕ್ರದ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿ. ಸಾಮಾನ್ಯ ಕಾರಿಗೆ 1.3ರಿಂದ 1.5ರ ತನಕ ಬರುತ್ತದೆ, ಎತ್ತರದ ಜೀಪಿಗೆ ಅದಕ್ಕಿಂತ ಕಡಿಮೆ. ಆ ಸಂಖ್ಯೆ ಇಳಿದಷ್ಟೂ ಬೇಗ ಮಗುಚುತ್ತದೆ. ಪೋಲೊದ ಹಾಗಿನ ತಗ್ಗು ಕಾರು ಬರೀ ಟೈರಿನ ಹಿಡಿತಕ್ಕೆ ಮಗುಚುದು ಅಪರೂಪ. ಅಡ್ಡ ಜಾರಿ ಡಾಂಬರು ಬಿಟ್ಟು ಮಣ್ಣಿಗೋ ಜಲ್ಲಿಗೋ ಇಳಿದು, ರಿಮ್ಮಿನ ಅಂಚು ನೆಲ ಅಗೆದಾಗ ಮಗುಚುದು. ಅದಕ್ಕೇ ಟ್ರ್ಯಾಕ್ ಬಿಟ್ಟು ಹೊರಗೆ ಹೋಗ್ತಿದ್ದೀರಿ ಅಂತಾದರೆ ಸ್ಟೇರಿಂಗ್ ನೇರ ಮಾಡಿ ನೇರವೇ ಹೋಗಿ, ಎಳೆದು ವಾಪಸ್ ತರ್ಲಿಕ್ಕೆ ನೋಡ್ಬೇಡಿ.

ನಿರ್ವಾಹಕ
ಥಾರ್ ಚರ್ಚೆಗೆ ಬೇರೆ ಎಳೆ ತೆಗೆಯಿರಿ ದಯವಿಟ್ಟು. ಇಲ್ಲಿ ಪೋಲೊ.

ನಿಗಡಿ ಪೋಲೊ
ಎಲ್ಲರಿಗೂ ಧನ್ಯವಾದ. ಫುಲ್ ಕೇಜ್ ತಲೆಯಿಂದ ತೆಗೆದೆ. ಎರಡು ಪ್ರಶ್ನೆ ಉಳೀತು. ಒಂದು, ರೋಲ್ ಬಾರ್ ಹಾಕಿದ ಮೇಲೆ ಮಗಳನ್ನ ಹಿಂದೆ ಕೂರಿಸಬಹುದಾ? ಎರಡು, ಕಾಲುಗಳನ್ನ ಎಲ್ಲಿ, ಹೇಗೆ ಕೂರಿಸೋದು? ಪೋಲೊ ನೆಲದ ತಗಡು ತೆಳು ಕಾಣುತ್ತೆ.

ಭೋಸರಿ ಫಿಟ್ಟರ್
ಮಗಳು ಹಿಂದ? ಆಗೂದೇ ಇಲ್ಲ. ಮೇನ್ ಹೂಪು, ಹಾರ್ನೆಸ್ ಕೊಳವಿ, ಅಡ್ಡಮೂಲಿ ಎಲ್ಲಾ ಹಿಂದ ಕುಂತವ್ರ ಮಾರಿ ಮುಂದ ಬರ್ತಾವ. ಬ್ರೇಕ್ ಹಾಕಿದ್ರ ಸಾಕು, ಕೂಸಿನ ತಲಿ ಉಕ್ಕಿಗೇ. ಬಾರ್ ಇದ್ದ ಕಾರು ಎರಡು ಸೀಟಿನ ಕಾರು ಅಂತ ತಿಳ್ಕೊಳ್ರಿ.

ಕಾಲಿನ ವಿಷಯ ಸ್ವಲ್ಪ ಉದ್ದ ಆಗ್ತದ. ನೆಲದ ತಗಡು ಒಂದು ಮಿಲಿಮೀಟರೂ ಇರೂದಿಲ್ಲ. ಅದಕ್ಕ ಕಾಲು ಸೀದಾ ಕುಂದ್ರಿಸಿದ್ರ ಮಗುಚಿದಾಗ ಬಾರು ಮಾಡು ಹಿಡಿಯೂದಿಲ್ಲ, ನೆಲಾ ಹರಕೊಂಡು ಕೆಳಗ ಇಳೀತದ. ಹೂಪಿನ ಒಂದೊಂದು ಕಾಲಿಗೂ ತಳಗ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ಪ್ಲೇಟು ಬೇಕು. 12×10 ಸೆಂ.ಮೀ. ಅಂತ ತಿಳ್ಕೊಳ್ರಿ, ದೊಡ್ಡದಾದ್ರ ಇನ್ನೂ ಚಲೋ. ಹಿಂದಿನ ಊರುಗೋಲಿಗೆ 60 ಸಾಕು. ಆ ಪ್ಲೇಟು ಬರೀ ನೆಲದ ಮ್ಯಾಲ ಮಲಗಬಾರದು, ಬಾಗಿಲ ಕೆಳಗಿನ ಸಿಲ್ಲಿನ ಕಡೆ ಎಲ್ ಆಕಾರಕ್ಕ ಮಡಚಿ ಏರಿಸ್ರಿ. ಭಾರ ಹೊರೋ ಶಕ್ತಿ ಇರೋದು ಸಿಲ್ಲಿನಾಗ.

ಬೋಲ್ಟು ಎಂ8, 8.8 ದರ್ಜೆ, ಹೂಪಿನ ಕಾಲಿಗೆ ಕನಿಷ್ಠ ಮೂರು, ಊರುಗೋಲಿಗೆ ಎರಡು. ಪುಣೆಯ ನಾನಾ ಪೇಟಿನಾಗ ತಗೊಳ್ಳುವಾಗ ಬೋಲ್ಟಿನ ತಲಿ ಮ್ಯಾಲ 8.8 ಅಂತ ಅಚ್ಚು ಇರೋದನ್ನ ಒಂದೊಂದೂ ನೋಡಿ ತಗೊಳ್ರಿ. ಎಂ8ಕ್ಕ 25 ನ್ಯೂಟನ್ ಮೀಟರ್ ಬಿಗಿತ, ನೈಲಾಕ್ ನಟ್ಟು. ಟೊಳ್ಳು ಪೆಟ್ಟಿಗಿ ಭಾಗದಾಗ ಬೋಲ್ಟ್ ಹಾಯಿಸಿದ್ರ ಒಳಗ ಸ್ಪೇಸರ್ ಟ್ಯೂಬ್ ವೆಲ್ಡ್ ಮಾಡಬೇಕು. ಇಲ್ಲಂದ್ರ ಬಿಗಿ ಮಾಡಿದಷ್ಟೂ ಪೆಟ್ಟಿಗಿ ಅಪ್ಪಚ್ಚಿ ಆಗ್ತದ, ಬೋಲ್ಟ್ ಬಿಗಿ ಆತು ಅಂತ ನಿಮಗ ಅನಸ್ತದ. ಕಾರ್ಪೆಟ್ಟು, ಡಾಂಬರಿನ ಹಾಳಿ ಪ್ಲೇಟಿನ ತಳಗ ಸಿಕ್ಕೊಂಡಿರಬಾರದು, ಬರೀ ಲೋಹಕ್ಕ ಲೋಹ. ಮೊದಲ ಟ್ರ್ಯಾಕ್ ದಿನ ಆದ ಮ್ಯಾಲ ಮತ್ತ ಟಾರ್ಕ್ ರೆಂಚ್ ಹಚ್ಚಿ ನೋಡ್ರಿ, ಒಂದೆರಡು ಸಡಿಲಾಗೇ ಇರ್ತಾವ.

ಊರುಗೋಲು ಹೂಪಿನ ಮ್ಯಾಲಿನ ಬಾಗಿನ ಹತ್ತಿರಿಂದ ಹೊರಟು, ಲಂಬಕ್ಕ ಕನಿಷ್ಠ 30 ಡಿಗ್ರಿ ಓರೆಯಾಗಿ, ಎಲ್ಲೂ ಬಾಗದಂಗ ನೆಟ್ಟಗ ಹಿಂದಿನ ಚಕ್ರದ ಗೂಡಿಗೆ ಇಳೀಬೇಕು. ಪೋಲೊದಾಗ ಶಾಕಪ್ಪಿನ ಮ್ಯಾಲಿನ ತುದಿ ಇರೋ ಜಾಗ ಗಟ್ಟಿ, ಅದರ ಮಗ್ಗಲಾಗ ಕುಂದ್ರಿಸ್ರಿ. ಅಡ್ಡಮೂಲಿ ಡ್ರೈವರ್ ತಲಿ ಹಿಂದಿನ ಮ್ಯಾಲಿನ ಮೂಲಿಯಿಂದ ಎಡಗಡೆ ಕಾಲಿಗೆ.

ಮೂರನೇ ಗೇರು
ಬೋಲ್ಟ್ ಯಾಕೆ, ವೆಲ್ಡೇ ಮಾಡಿಸ್ಬಹುದಲ್ಲ?

ಭೋಸರಿ ಫಿಟ್ಟರ್
ಮಾಡಿಸಬಹುದು. ಆದ್ರ ಪೋಲೊದಾಗ ಹಿಂದಿನ ಸೀಟಿನ ತಳಗ ಪೆಟ್ರೋಲ್ ಟ್ಯಾಂಕು ಅದ. ಟ್ಯಾಂಕ್ ಇಳಿಸದ ಅಲ್ಲಿ ವೆಲ್ಡ್ ಹಚ್ಚಿದವ್ರಿಗೆ ನಮಸ್ಕಾರ. ನೆಲದ ತಳಗ ಬ್ರೇಕ್ ಪೈಪು, ಪೆಟ್ರೋಲ್ ಪೈಪು ಬ್ಯಾರೆ. ಬ್ಯಾಟರಿ ಬಿಚ್ಚಬೇಕು, ಇಸಿಯು (ಎಂಜಿನ್ ಕಂಪ್ಯೂಟರ್) ಮತ್ತ ಏರ್‌ಬ್ಯಾಗ್ ಡಬ್ಬಿ ಪ್ಲಗ್ ತೆಗೀಬೇಕು, ಅರ್ಥ್ ಕ್ಲಾಂಪ್ ವೆಲ್ಡಿನ ಬಾಜೂಕನ ಹಾಕಬೇಕು. ಬಾರನ್ನ ಟೇಬಲ್ ಮ್ಯಾಲ ಮುಗಿಸಿ ತಂದು ಬೋಲ್ಟ್ ಹಾಕೋದು ಮನಿ ಕಾರಿಗೆ ಸುರಕ್ಷಿತ.

ಟೇಬಲ್ ಮ್ಯಾಲಿನ ವೆಲ್ಡಿಗೂ ನಿಯಮ ಅದಾವ. ಕೊಳವಿ ತುದಿಯನ್ನ ಮೀನಿನ ಬಾಯಿ ಹಂಗ ಕೊರೆದು ಕುಂದ್ರಿಸಬೇಕು, ಸಂದಿನಾಗ ಉಗುರು ಹೋಗಬಾರದು. ಸುತ್ತ ಪೂರ್ತಿ ವೆಲ್ಡ್, ಗೋಡಿ ಕಡೆ ಅಂತ ಅರ್ಧ ಬಿಡೋದು ಇಲ್ಲ. ವೆಲ್ಡ್ ಆದ ಮ್ಯಾಲ ಗ್ರೈಂಡರ್ ಹಚ್ಚಿ ನುಣುಪು ಮಾಡಿಸಬ್ಯಾಡ್ರಿ. ನುಣುಪು ಮಾಡಿದ್ದು ಅಂದ್ರ ಏನೋ ಮುಚ್ಚಿಟ್ಟಾರ ಅಂತ ಅರ್ಥ.

ಕುಡ್ಲದಿಂದ ಕುರ್ಲಾ
ನಮ್ಮ ಕಡೆಯ ಮಳೆ ಮರೀಬೇಡಿ. ತೂತು ಕೊರೆದ ಪ್ರತಿ ಅಂಚಿಗೂ ಜಿಂಕ್ ಪ್ರೈಮರ್, ಆಮೇಲೆ ಅಡಿಯಿಂದ ಪಿಯು ಸೀಲಂಟ್. ಇಲ್ಲದಿದ್ದರೆ ಎರಡು ಮಳೆಗಾಲಕ್ಕೆ ಪ್ಲೇಟಿನ ಸುತ್ತ ತಗಡು ಬಿಸ್ಕತ್ತು ಆಗ್ತದೆ, ಮೇಲಿಂದ ಬಾರು ಹೊಳೀತಾ ಇರುತ್ತದೆ.

ಹಾರ್ನೆಸ್ ಬಗ್ಗೆಯೂ ಹೇಳ್ತೇನೆ. ನಾಲ್ಕು ಪಾಯಿಂಟಿನದ್ದು ಬೇಡ, ಆರರದ್ದು ತಗೊಳ್ಳಿ. ನಾಲ್ಕರಲ್ಲಿ ಭುಜದ ಪಟ್ಟಿ ಬಿಗಿ ಮಾಡಿದಾಗ ಸೊಂಟದ ಪಟ್ಟಿ ಹೊಟ್ಟೆ ಮೇಲೆ ಏರುತ್ತದೆ, ಗುದ್ದಿದಾಗ ಮೈ ಕೆಳಗಿಂದ ಜಾರಿ ಹೋಗುತ್ತದೆ. ತೊಡೆ ನಡುವಿನ ಪಟ್ಟಿ ಇರುವುದೇ ಅದನ್ನು ತಡೀಲಿಕ್ಕೆ. ಆ ಪಟ್ಟಿಗೆ ಸೀಟಲ್ಲಿ ತೂತು ಬೇಕು, ಕಂಪನಿ ಸೀಟಲ್ಲಿ ಇಲ್ಲ. ಭುಜದ ಪಟ್ಟಿ ಹಿಂದಿನ ಕೊಳವೆಗೆ ಅಡ್ಡಕ್ಕೆ ಸುತ್ತಿ ಬಕಲ್ ಮೂಲಕ ಹಿಂದಿರುಗಿಸಿ. ಭುಜದಿಂದ ಹಿಂದಕ್ಕೆ 10 ಡಿಗ್ರಿ ಇಳಿಜಾರಿನ ಒಳಗೆ ಇದ್ದರೆ ಒಳ್ಳೇದು, 45 ದಾಟಲೇಬಾರದು. ಹಿಂದಿನ ಸೀಟಿನ ಬೆಲ್ಟ್ ಬೋಲ್ಟಿಗೆ ನೆಲದಲ್ಲಿ ಕಟ್ಟುವವರು ಇದ್ದಾರೆ. ಗುದ್ದಿದಾಗ ಪಟ್ಟಿ ಭುಜವನ್ನು ಕೆಳಕ್ಕೆ ಎಳೆದು ಬೆನ್ನೆಲುಬು ಒತ್ತುತ್ತದೆ. ಲೇಬಲ್ಲಲ್ಲಿ ಎಫ್‌ಐಎ 8853-2016 ಮತ್ತು ಅವಧಿ ಮುಗಿಯುವ ವರ್ಷ ನೋಡಿ. ಅಗ್ಗಕ್ಕೆ ಸಿಗುವ ಬಣ್ಣ ಬಣ್ಣದ್ದರಲ್ಲಿ ಲೇಬಲ್ಲೇ ಇರುದಿಲ್ಲ.

ಕಂಪನಿ ಬೆಲ್ಟ್ ಕಾರಲ್ಲೇ ಇರಲಿ. ರಸ್ತೆಯಲ್ಲಿ ಅದೇ ಹಾಕಿ. ಬಾರಿನ ಹೂಪು ಬಿ-ಪಿಲ್ಲರಿನ ಬೆಲ್ಟ್ ದಾರಿಗೆ ಅಡ್ಡ ಬರದ ಹಾಗೆ ಮೊದಲೇ ಅಳೆಯಿರಿ.

ಡೊಂಬಿವಲಿ ರಾಯರು
ನನ್ನ ಕೊನೇ ಮಾತು. ವರ್ಷಕ್ಕೆ ನಾಲ್ಕು ದಿನಕ್ಕೋಸ್ಕರ ಸಂಸಾರದ ಕಾರನ್ನು ಎರಡು ಸೀಟು ಮಾಡೋ ಬದಲು ಏನೂ ಮಾಡದೆ ಇರೋದೂ ಒಂದು ದಾರಿ. ಕಂಪನಿ ಸೀಟು, ಕಂಪನಿ ಬೆಲ್ಟು, ಒಳ್ಳೆ ಹೆಲ್ಮೆಟ್ಟು, ಅಷ್ಟೇ.

ಭೋಸರಿ ಫಿಟ್ಟರ್
ರಾಯರು ಈ ಸಲ ಸರಿ ಹೇಳ್ಯಾರ. ಗಟ್ಟಿ ಮಾಡಿನ ಕಾರಿಗೆ ಅದು ನಾಚಿಕಿ ದಾರಿ ಅಲ್ಲ. ಬೆಲ್ಟ್ ಸಡಿಲ ಅನಸಿದ್ರ ಒಂದು ಉಪಾಯ: ಸೀಟು ಒಂದೆರಡು ಹಲ್ಲು ಹಿಂದ ಸರಿಸಿ ಬೆಲ್ಟ್ ಹಾಕ್ರಿ, ಜೋರಾಗಿ ಜಗ್ಗಿ ಲಾಕ್ ಮಾಡಿ ಹಿಡಕೊಂಡು ಸೀಟು ಮುಂದ ತರ್ರಿ. ಸೊಂಟದಾಗ ಬಿಗಿಯಾಗಿ ಕುಂದ್ರತದ.

ಮೂರನೇ ಗೇರು
ವರ್ಟುಸ್, ಐ20 ಎನ್ ಲೈನ್ ಇರೋರಿಗೂ ಇದೇನಾ?

ಕುಡ್ಲದಿಂದ ಕುರ್ಲಾ
ಆರು ಏರ್‌ಬ್ಯಾಗಿನ ಕಾರಿಗೆ ಇನ್ನೂ ತಲೆನೋವು. ಕಿಟಕಿ ಮೇಲಿಂದ ಪರದೆ ಏರ್‌ಬ್ಯಾಗ್ ಇಳಿಯುವ ದಾರಿಯಲ್ಲಿ ಹೂಪು ನಿಂತರೆ ಅದು ಹರಿಯುತ್ತದೆ ಇಲ್ಲವೇ ತಲೆ ಕಡೆಗೇ ತಿರುಗುತ್ತದೆ. ಸೀಟಿನ ಪಕ್ಕದಲ್ಲೂ ಏರ್‌ಬ್ಯಾಗ್ ಇರುತ್ತದೆ, ಬಕೆಟ್ ಹಾಕಿದ ಕೂಡಲೇ ಅದು ಹೋಯ್ತು. ಅಂಥ ಕಾರನ್ನು ಇದ್ದ ಹಾಗೇ ಬಿಡುದು ಲೇಸು.

ನಿಗಡಿ ಪೋಲೊ
ತೀರ್ಮಾನ ಇದು. ಈ ಸೀಸನ್ ಕಂಪನಿ ಸೀಟು, ಕಂಪನಿ ಬೆಲ್ಟಲ್ಲೇ ಹೋಗ್ತೀನಿ. ಹಾರ್ನೆಸ್ ಆರ್ಡರ್ ಕ್ಯಾನ್ಸಲ್. ಮನೆಗೆ ಇನ್ನೊಂದು ಕಾರು ಬಂದ ಮೇಲೆ ಪೋಲೊಗೆ ಬೋಲ್ಟಿನ ನಾಲ್ಕು ಕಾಲಿನ ಬಾರ್, ಬಕೆಟ್, ಆರು ಪಾಯಿಂಟ್ ಒಟ್ಟಿಗೆ. ಆರ್‌ಟಿಒ ವಿಷಯ ಆಗ ರಾಯರ ಹತ್ರಾನೇ ಕೇಳ್ತೀನಿ. ಕೊಳವೆ ಎಷ್ಟು ಬೇಕಾಗುತ್ತೆ, ತೂಕ ಎಷ್ಟು ಬರುತ್ತೆ?

ಭೋಸರಿ ಫಿಟ್ಟರ್
ಹೂಪಿಗೆ 45×2.5 ಸುಮಾರು 3.2 ಮೀಟರ್, ಅಂದ್ರ ಎಂಟೂವರೆ ಕೆಜಿ. ಊರುಗೋಲು ಎರಡು, ಅಡ್ಡಮೂಲಿ, ಹಾರ್ನೆಸ್ ಕೊಳವಿ ಸೇರಿ 38×2.5 ಐದು ಮೀಟರ್, ಹನ್ನೊಂದು ಕೆಜಿ. ಪ್ಲೇಟು ಬೋಲ್ಟು ಐದು. ಒಟ್ಟು 25 ಕೆಜಿ ಆಸುಪಾಸು. ಹಿಂದಿನ ಸೀಟು ಹೋದ ಮ್ಯಾಲ ಲೆಕ್ಕ ಹೆಚ್ಚು ಕಡಿಮಿ ಸಮಾ ಆಗ್ತದ. ಎರಡೂ ಅಳತಿದು ಒಂದೊಂದು 6 ಮೀಟರ್ ತಗೊಳ್ರಿ, ಉಳಿದ ತುಂಡಿನಾಗ ಮೊದಲು ಎರಡು ಬೆಂಡು ಹಾಕಿಸಿ ವರ್ನಿಯರ್ ಹಚ್ಚಿ ನೋಡ್ರಿ.

ಪುಣೆ ಬಾಜೂಕಿನ ಚಾಕಣದ ಕಾರ್ಖಾನ್ಯಾಗ ಹುಟ್ಟಿದ ಕಾರು, ಬಾರು ಕೂಡಿಸೋಕ ಭೋಸರಿ ದಾಟಬೇಕಾಗಿಲ್ಲ.

ವಾಸ್ಕೋ ಪಯಣಿಗ
ಥಾರಿಗೆ ಬೇರೆ ಎಳೆ ತೆಗೆದಿದ್ದೀನಿ, ಎಲ್ಲರೂ ಬನ್ನಿ.